ಉರಿಸುವುದಲ್ಲ, ನಿಲ್ಲಿಸುವುದು: ಆಮ್ಲದ ಕಾರ್ಖಾನೆ ಕಲಿಸಿದ ಪಾಠಗಳು

ದಾವಣಗೆರೆಯ ಎಸ್.ಎಸ್. ಬಡಾವಣೆಯ ನಮ್ಮ ಬೀದಿಯಲ್ಲಿ ನನ್ನ ಗುರುತು ‘ಆ್ಯಸಿಡ್ ಫ್ಯಾಕ್ಟರಿಯಲ್ಲಿದ್ದೋರು’ ಎಂದು. ಆ್ಯಸಿಡ್ ಎಂದ ಕೂಡಲೇ ಜನಕ್ಕೆ ನೆನಪಾಗುವುದು ಬ್ಯಾಟರಿಗೆ ಹಾಕುವಂಥದ್ದು, ಇಲ್ಲವೇ ಬಚ್ಚಲು ತೊಳೆಯುವಂಥದ್ದು. ನನಗೆ ಅನ್ನ ಹಾಕಿದ ಆಮ್ಲ ಬೇರೆ ಜಾತಿಯದು. ಅದು ಬಿಳಿ ಪುಡಿ. ತಣ್ಣೀರಿಗೆ ಹಾಕಿದರೆ ಕರಗುವುದೇ ಇಲ್ಲ ಎನ್ನಬಹುದು. ಕಾಯಿಸಿದರೆ ದ್ರವವಾಗದೆ ನೇರ ಆವಿಯಾಗುತ್ತದೆ. ಹೆಸರು ಟೆರೆಫ್ತಾಲಿಕ್ ಆಮ್ಲ. ಶುದ್ಧ ಮಾಡಿದ ಮೇಲೆ ಪಿಟಿಎ. ಪಾಲಿಯೆಸ್ಟರ್ ಸೀರೆ, ಟೆರಿಕಾಟ್ ಶರ್ಟು, ಕುಡಿದು ಬಿಸಾಕುವ ನೀರಿನ ಬಾಟಲಿ ಇವೆಲ್ಲ ಈ ಪುಡಿಯಿಂದಲೇ ಆಗುವುದು.

ಮಾಡುವ ಬಗೆ ಹೇಳಲಿಕ್ಕೆ ಸುಲಭ. ಪೆಟ್ರೋಲಿಯಂನಿಂದ ಸಿಗುವ ಪ್ಯಾರಾಜೈಲೀನನ್ನು ಅಸಿಟಿಕ್ ಆಮ್ಲದಲ್ಲಿ ಬೆರೆಸಬೇಕು. ಕೋಬಾಲ್ಟ್, ಮ್ಯಾಂಗನೀಸ್, ಬ್ರೋಮೈಡ್ ಮೂರನ್ನೂ ಚೂರುಚೂರು ವೇಗವರ್ಧಕವಾಗಿ ಹಾಕಬೇಕು. 175ರಿಂದ 225 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, 15ರಿಂದ 30 ಬಾರ್ ಒತ್ತಡದಲ್ಲಿ ಗಾಳಿ ಊದುತ್ತ ಹೋಗಬೇಕು. ಅಷ್ಟೇ. ಆ ‘ಅಷ್ಟೇ’ಯನ್ನು ಕಲಿಯುವುದರಲ್ಲಿ ನನ್ನ ನೌಕರಿಯ ಮುಕ್ಕಾಲು ಪಾಲು ಮುಗಿಯಿತು.

ಪಶ್ಚಿಮ ಭಾರತದ ಕಾರ್ಖಾನೆಗಳಲ್ಲಿ ಆಕ್ಸಿಡೇಷನ್ ವಿಭಾಗದಲ್ಲಿ ದುಡಿದು ಊರಿಗೆ ಮರಳಿದ್ದೇನೆ. ಹತ್ತಿರದ ಬಾಪೂಜಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೆಮಿಕಲ್ ಓದುವ ಮಕ್ಕಳು ಆಗೀಗ ಬಂದು ‘ಸರ್, ಏನಾದ್ರೂ ಹೇಳಿ’ ಎನ್ನುತ್ತಾರೆ. ಪುಸ್ತಕದಲ್ಲಿರುವುದನ್ನು ಅವರ ಮೇಷ್ಟ್ರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಹೇಳಬಹುದಾದದ್ದು ಎಲ್ಲೆಲ್ಲಿ ಎಡವಿದೆ ಎಂಬುದನ್ನು ಮಾತ್ರ.

1. ಉರಿಸುವುದು ಯಾರಿಗೂ ಬರುತ್ತದೆ; ನಿಲ್ಲಿಸುವುದೇ ಕಸುಬು.

ಪ್ಯಾರಾಜೈಲೀನ್ ಅಣುವಿನ ಎರಡು ತುದಿಯಲ್ಲಿ ಎರಡು ಮೀಥೈಲ್ ಗುಂಪುಗಳಿವೆ. ಆಕ್ಸಿಜನ್ ಇವೆರಡನ್ನೂ ಆಮ್ಲದ ಗುಂಪುಗಳನ್ನಾಗಿ ಮಾಡಬೇಕು. ನಡುವಿನ ಬೆಂಜೀನ್ ಉಂಗುರವನ್ನು ಮುಟ್ಟಬಾರದು, ಸುತ್ತಲಿನ ಅಸಿಟಿಕ್ ಆಮ್ಲವನ್ನೂ ತಿನ್ನಬಾರದು. ಆದರೆ ಆಕ್ಸಿಜನ್ನಿಗೆ ಆ ಸಂಯಮ ಎಲ್ಲಿಂದ ಬರಬೇಕು? ಬಿಟ್ಟರೆ ಎಲ್ಲವನ್ನೂ ಕಾರ್ಬನ್ ಡೈಆಕ್ಸೈಡು, ನೀರು ಮಾಡಿಯೇ ಬಿಡುತ್ತದೆ. ನಮ್ಮೂರಿನ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಸುರಿಯುವವರಿಗೆ ಇದು ಚೆನ್ನಾಗಿ ಗೊತ್ತು: ಅರಳುವುದಕ್ಕೂ ಕರಟುವುದಕ್ಕೂ ನಡುವೆ ಜರಡಿ ಎತ್ತುವಷ್ಟೇ ಹೊತ್ತು.

ಹೊಸದರಲ್ಲಿ ನನಗೆ ಇದು ತಲೆಗೆ ಹೋಗಿರಲಿಲ್ಲ. ಒಂದು ರಾತ್ರಿ ಪಾಳಿಯಲ್ಲಿ ಲ್ಯಾಬ್ ವರದಿ ಸ್ವಲ್ಪ ಕಳಪೆ ಬಂತು. ರಿಯಾಕ್ಟರ್ ಬಿಸಿಯನ್ನು ಕೆಲವು ಡಿಗ್ರಿ ಏರಿಸಿದೆ. ಬೆಳಗಿನ ವರದಿ ಅಚ್ಚುಕಟ್ಟಾಗಿತ್ತು; ಎದೆಯುಬ್ಬಿಸಿಕೊಂಡು ಮನೆಗೆ ಹೋದೆ. ಅದನ್ನೇ ಚಾಳಿ ಮಾಡಿಕೊಂಡೆ. ತಿಂಗಳ ಕೊನೆಗೆ ಅಸಿಟಿಕ್ ಆಮ್ಲದ ಲೆಕ್ಕ ತಾಳೆಯಾಗಲಿಲ್ಲ. ಸೋರಿಕೆ ಹುಡುಕಿದರು, ಟ್ಯಾಂಕರಿನ ತೂಕ ನೋಡಿದರು. ಕಡೆಗೆ ಕಳ್ಳ ಸಿಕ್ಕಿದ್ದು ನನ್ನ ಪಾಳಿಯಲ್ಲಿ. ನಾನು ಏರಿಸಿದ ಬಿಸಿಯಲ್ಲಿ ದ್ರಾವಕವೇ ಉರಿದು ಚಿಮಣಿಯಿಂದ ಹೊರಗೆ ಹೋಗಿತ್ತು. ಹಳೆಯ ಕಾರ್ಖಾನೆಗಳಲ್ಲಿ ಒಂದು ಟನ್ ಸರಕಿಗೆ 40-50 ಕೆಜಿ ಅಸಿಟಿಕ್ ಆಮ್ಲ ಹೀಗೆ ಹೋಗುವುದು ಮಾಮೂಲು; ನಾನು ಮಾಮೂಲಿಗೂ ಮೇಲೆ ಹೋಗಿದ್ದೆ. ಆಮೇಲಿನಿಂದ ಸರಕಿನ ವರದಿಗಿಂತ ಮೊದಲು ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡು, ಡೈಆಕ್ಸೈಡು ಎಷ್ಟಿದೆ ಎಂದು ನೋಡುವುದನ್ನು ರೂಢಿ ಮಾಡಿಕೊಂಡೆ.

2. ನೂರಕ್ಕೆ ತೊಂಬತ್ತೊಂಬತ್ತು ಬಂದರೂ ಫೇಲು.

ಎರಡು ಮೀಥೈಲ್ ಗುಂಪುಗಳಲ್ಲಿ ಮೊದಲನೆಯದು ಬೇಗ ಆಮ್ಲವಾಗುತ್ತದೆ. ಹಾಗಾದ ಮೇಲೆ ಅದು ಎದುರು ತುದಿಯ ಎಲೆಕ್ಟ್ರಾನನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಎರಡನೆಯದು ಸುಲಭಕ್ಕೆ ಬಗ್ಗುವುದಿಲ್ಲ. ಅದು ಆಲ್ಡಿಹೈಡ್ ಹಂತದಲ್ಲೇ ನಿಂತರೆ ಸಿಗುವ ಕಶ್ಮಲಕ್ಕೆ ಕಾರ್ಖಾನೆಯ ಬಾಯಲ್ಲಿ ‘ಫೋರ್-ಸಿಬಿಎ’ ಎಂದು ಹೆಸರು. ಆಕಾರದಲ್ಲಿ ಅದು ನಮ್ಮ ಆಮ್ಲದಂತೆಯೇ ಇರುವುದರಿಂದ ಹರಳಿನ ಒಳಗೇ ಸೇರಿಕೊಂಡು ಕೂರುತ್ತದೆ. ತೊಳೆದರೂ ಹೋಗುವುದಿಲ್ಲ.

ಆಕ್ಸಿಡೇಷನ್ನಿನಿಂದ ಬಂದ ಕಚ್ಚಾ ಆಮ್ಲದಲ್ಲಿ ಇದು ಸಾಮಾನ್ಯವಾಗಿ 2,000ದಿಂದ 5,000 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ) ಇರುತ್ತದೆ. ಅಂದರೆ ಸರಕು ನೂರಕ್ಕೆ ಸುಮಾರು ತೊಂಬತ್ತೊಂಬತ್ತೂವರೆ ಶುದ್ಧ. ಮೂವತ್ತೈದಕ್ಕೆ ಪಾಸಾಗುವ ಪರೀಕ್ಷೆ ಬರೆದು ಬಂದವನಿಗೆ ಇದು ರ‍್ಯಾಂಕಿನ ಅಂಕ. ‘ಇಷ್ಟು ಸಾಕಲ್ವಾ ಸರ್?’ ಎಂದು ಮೀಟಿಂಗಿನಲ್ಲಿ ಕೇಳಿಯೇಬಿಟ್ಟೆ. ಎದುರು ಕೂತಿದ್ದ ಪಾಲಿಯೆಸ್ಟರ್ ವಿಭಾಗದವರು ಮಾತಾಡಲಿಲ್ಲ. ಕಚ್ಚಾ ಆಮ್ಲದಿಂದ ಮಾಡಿದ ಒಂದು ಹಿಡಿ ಚಿಪ್ಸನ್ನು ಮೇಜಿನ ಮೇಲೆ ಸುರಿದರು. ಹಳದಿ ಬಣ್ಣ. ಪಾಲಿಯೆಸ್ಟರ್ ಸರಪಳಿ ಬೆಳೆಯಲು ಅಣುವಿನ ಎರಡೂ ತುದಿಗೆ ಆಮ್ಲದ ಕೈ ಬೇಕು. ಫೋರ್-ಸಿಬಿಎಗೆ ಇರುವುದು ಒಂದೇ ಕೈ; ಅದು ಬಂದು ಸೇರಿದಲ್ಲಿ ಸರಪಳಿ ನಿಲ್ಲುತ್ತದೆ, ಬಣ್ಣವೂ ಕೆಡುತ್ತದೆ. ಪಿಟಿಎಯಲ್ಲಿ ಅದು 25 ಪಿಪಿಎಂ ದಾಟಬಾರದು ಎಂಬ ನಿಯಮ ಸುಮ್ಮನೆ ಬಂದದ್ದಲ್ಲ. ಇದಕ್ಕಾಗಿ ಇನ್ನೊಂದು ಪೂರ್ತಿ ಘಟಕವೇ ಬೇಕು. ಆಮ್ಲವನ್ನು 280 ಡಿಗ್ರಿಗೂ ಮೇಲಿನ ಬಿಸಿ ನೀರಿನಲ್ಲಿ ಒತ್ತಡ ಹಾಕಿ ಕರಗಿಸಿ, ಪಲ್ಲಾಡಿಯಂ ವೇಗವರ್ಧಕದ ಮೇಲೆ ಹೈಡ್ರೋಜನ್ ಜತೆ ಹಾಯಿಸಿ, ಮತ್ತೆ ಹರಳುಗಟ್ಟಿಸುತ್ತಾರೆ. ಆಗ ಫೋರ್-ಸಿಬಿಎ ಪ್ಯಾರಾಟಾಲ್ಯೂಯಿಕ್ ಆಮ್ಲವಾಗಿ ಬದಲಾಗುತ್ತದೆ. ಅದು ನೀರಿನಲ್ಲೇ ಉಳಿಯುವ ಗುಣದ್ದು. ಸೋಸಿದಾಗ ನೀರಿನ ಜತೆ ಹೊರಟುಹೋಗುತ್ತದೆ. ಆಕ್ಸಿಜನ್ ಹಾಕಿ ಮಾಡಿದ ತಪ್ಪನ್ನು ಹೈಡ್ರೋಜನ್ ಹಾಕಿ ತಿದ್ದುವ ಈ ಉಪಾಯ ಯಾರಿಗೆ ಹೊಳೆಯಿತೋ, ಅವರಿಗೆ ನಾನು ಈಗಲೂ ಕೈ ಮುಗಿಯುತ್ತೇನೆ.

3. ಅಲುಗದ ಮುಳ್ಳನ್ನು ನಂಬಬೇಡಿ.

ರಿಯಾಕ್ಟರಿನಿಂದ ಹೊರಬರುವ ಗಾಳಿಯಲ್ಲಿ ಆಕ್ಸಿಜನ್ ಶೇ 3ರಿಂದ 5ರಷ್ಟು ಉಳಿದಿರಬೇಕು. ಕಡಿಮೆಯಾದರೆ ಕ್ರಿಯೆಗೆ ಆಕ್ಸಿಜನ್ ಸಾಲದೆ ಸರಕು ಕೆಡುತ್ತದೆ. ಶೇ 8ರ ಹತ್ತಿರ ಹೋದರೆ ಅಸಿಟಿಕ್ ಆಮ್ಲದ ಆವಿಯ ಜತೆ ಸೇರಿ ಸ್ಫೋಟಕ್ಕೆ ದಾರಿ. ಅಲ್ಲಿಗೆ ಮುಟ್ಟುವ ಮೊದಲೇ ಗಾಳಿ ತಾನಾಗಿ ಕಡಿತವಾಗುವಂತೆ ಏರ್ಪಾಡು ಇರುತ್ತದೆ. ಆ ಏರ್ಪಾಡಿಗೆ ಕಣ್ಣು ಆಕ್ಸಿಜನ್ ಅನಲೈಸರ್.

ಒಂದು ಪಾಳಿಯಲ್ಲಿ ಅದು ಗಂಟೆಗಟ್ಟಲೆ 4.1 ತೋರಿಸುತ್ತಲೇ ಇತ್ತು. ಎಷ್ಟು ಚೆಂದ ನಡೆದಿದೆ ನನ್ನ ರಿಯಾಕ್ಟರ್ ಎಂದು ಖುಷಿಯಾಗಿ ಚಹಾ ತರಿಸಿಕೊಂಡೆ. ಇನ್‌ಸ್ಟ್ರುಮೆಂಟ್ ವಿಭಾಗದ ಹುಡುಗ ಬಂದು ಒಂದು ಗಳಿಗೆ ನೋಡಿ, ‘ಸರ್, ಪ್ಯಾರಾಜೈಲೀನ್ ಫ್ಲೋ ಆಡ್ತಾ ಇದೆ, ಗಾಳಿ ಆಡ್ತಾ ಇದೆ, ಇದೊಂದು ಯಾಕೆ ಆಡ್ತಿಲ್ಲ?’ ಎಂದ. ಸ್ಯಾಂಪಲ್ ಬರುವ ಸಣ್ಣ ಕೊಳವೆಯಲ್ಲಿ ಹರಳು ಕಟ್ಟಿ ಮುಚ್ಚಿಹೋಗಿತ್ತು. ಒಳಗೆ ಸಿಕ್ಕಿಬಿದ್ದ ಹಳೆಯ ಗಾಳಿಯನ್ನೇ ಮೀಟರು ಅಳೆಯುತ್ತ ಕೂತಿತ್ತು. ಅದೃಷ್ಟಕ್ಕೆ ನಿಜವಾದ ಆಕ್ಸಿಜನ್ ಅಪಾಯದ ಮಟ್ಟಕ್ಕೆ ಹೋಗಿರಲಿಲ್ಲ. ಹೋಗಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ ಎಂಬ ಯೋಚನೆಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಡೆಯುವ ರಿಯಾಕ್ಟರಿನ ಅಂಕಿ ತುಸುವಾದರೂ ಅಲ್ಲಾಡುತ್ತಿರಬೇಕು. ಒಂದೇ ಅಳತೆಗೆ ಎರಡು-ಮೂರು ಅನಲೈಸರ್ ಇಡುವುದು ದುಂದುಗಾರಿಕೆ ಎಂದು ಬಜೆಟ್ ಮೀಟಿಂಗಿನಲ್ಲಿ ವಾದಿಸಿದ್ದವನೂ ನಾನೇ. ಆಮೇಲೆ ಆ ಮಾತು ಎತ್ತಲಿಲ್ಲ.

4. ಬೆರಳುದ್ದ ಹಿತ್ತಾಳೆ ಸಾಕು.

ಪೈಲಟ್ ಪ್ಲಾಂಟಿನಲ್ಲಿ ಒಂದು ಪ್ರಯೋಗಕ್ಕೆ ಸ್ಯಾಂಪಲ್ ತೆಗೆಯುವ ವಾಲ್ವ್ ಬೇಕಿತ್ತು. ಸ್ಟೋರಿನಲ್ಲಿ ಸ್ಟೇನ್‌ಲೆಸ್ ಸ್ಟೀಲಿನದು ಇರಲಿಲ್ಲ. ಸದ್ಯಕ್ಕೆ ನಡೆಯಲಿ ಎಂದು ಹಿತ್ತಾಳೆಯದು ಹಾಕಿಸಿದೆ. ಮರುದಿನ ಕ್ರಿಯೆ ಮಂಕಾಯಿತು. ಹೊರಬರುವ ಗಾಳಿಯಲ್ಲಿ ಆಕ್ಸಿಜನ್ ಏರುತ್ತಿದೆ, ಬಿಸಿ ಇಳಿಯುತ್ತಿದೆ. ಪ್ಯಾರಾಜೈಲೀನ್ ಕೆಟ್ಟಿದೆ ಎಂದೆ. ಸರಬರಾಜಿನವರ ಮೇಲೆ ದೂರು ಬರೆದೆ. ವೇಗವರ್ಧಕ ಹೆಚ್ಚಿಸಿದೆ. ಏನೂ ಪ್ರಯೋಜನವಾಗಲಿಲ್ಲ.

ಲ್ಯಾಬಿನ ಹಿರಿಯ ಮೇಡಂ ಒಬ್ಬರು ದ್ರಾವಣದಲ್ಲಿ ಲೋಹಗಳ ಪಟ್ಟಿ ತೆಗೆಸಿ, ತಾಮ್ರದ ಸಾಲಿಗೆ ಕೆಂಪು ಗೆರೆ ಎಳೆದು ನನ್ನ ಮೇಜಿನ ಮೇಲಿಟ್ಟರು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಬಿಸಿ ಅಸಿಟಿಕ್ ಆಮ್ಲ ಅದನ್ನು ನೆಕ್ಕಿ ತೆಗೆದಿತ್ತು. ಕೋಬಾಲ್ಟ್–ಮ್ಯಾಂಗನೀಸ್–ಬ್ರೋಮೈಡ್ ಜೋಡಣೆಗೆ ತಾಮ್ರ ಕೆಲವೇ ಪಿಪಿಎಂ ಇದ್ದರೂ ವಿಷ. ಈ ಕ್ರಿಯೆ ನಡೆಯುವುದು ಒಂದರಿಂದ ಒಂದಕ್ಕೆ ಹಬ್ಬುವ ರ‍್ಯಾಡಿಕಲ್‌ಗಳ ಸರಣಿಯಲ್ಲಿ. ನಡುವೆ ಒಬ್ಬ ಕೈ ಕಟ್ಟಿ ನಿಂತರೆ ಸಾಲೇ ಮುರಿಯುತ್ತದೆ. ಸರಬರಾಜಿನವರಿಗೆ ಕ್ಷಮೆ ಕೋರಿ ಪತ್ರ ಬರೆದೆ. ಏನೇ ಕೆಟ್ಟರೂ ‘ನಿನ್ನೆಯಿಂದ ನಾವು ಏನು ಬದಲಾಯಿಸಿದ್ದೇವೆ’ ಎಂದು ಮೊದಲು ಕೇಳಿಕೊಳ್ಳಬೇಕು. ಆ ಪಟ್ಟಿಯಲ್ಲಿ ನಟ್ಟು ಬೋಲ್ಟೂ ಇರಬೇಕು.

5. ಕೆಲಸ ಮಾಡಿಸುವ ಬ್ರೋಮಿನ್ನೇ ಪಾತ್ರೆಯನ್ನೂ ತಿನ್ನುತ್ತದೆ.

1950ರ ದಶಕದ ಮಧ್ಯದವರೆಗೆ ಈ ಆಮ್ಲ ಮಾಡುವವರೆಲ್ಲ ಎರಡನೆಯ ಮೀಥೈಲ್ ಗುಂಪಿನ ಮುಂದೆ ಸೋತು ನಿಂತಿದ್ದರು. ನೈಟ್ರಿಕ್ ಆಮ್ಲದ ದಾರಿ ಹಿಡಿದವರು ಕೆಲವರು, ಮೆಥನಾಲ್ ಸೇರಿಸಿ ಎಸ್ಟರ್ ಮಾಡಿಕೊಂಡು ಸುತ್ತುಬಳಸಿ ಹೋದವರು ಕೆಲವರು. ಅಮೆರಿಕದ ಸೈಂಟಿಫಿಕ್ ಡಿಸೈನ್ ಕಂಪನಿಯ ಆಲ್ಫ್ರೆಡ್ ಸ್ಯಾಫರ್ ಮತ್ತು ರಾಬರ್ಟ್ ಬಾರ್ಕರ್ ಕೋಬಾಲ್ಟ್, ಮ್ಯಾಂಗನೀಸ್ ಜತೆಗೆ ತುಸು ಬ್ರೋಮೈಡ್ ಹಾಕಿ ನೋಡಿದರು. ಎರಡೂ ತುದಿ ಒಂದೇ ಪಾತ್ರೆಯಲ್ಲಿ ಆಮ್ಲವಾದವು. ಜಗತ್ತಿನ ಬಹುಪಾಲು ಪಿಟಿಎ ಇಂದಿಗೂ ಆ ದಾರಿಯಲ್ಲೇ ತಯಾರಾಗುವುದು.

ಆದರೆ ಬಿಸಿ ಅಸಿಟಿಕ್ ಆಮ್ಲದಲ್ಲಿ ಬ್ರೋಮೈಡ್ ಸೇರಿದರೆ ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲ್ ತಡೆಯುವುದಿಲ್ಲ. ಅದಕ್ಕೇ ರಿಯಾಕ್ಟರಿಗೆ ಟೈಟಾನಿಯಂ ಒಳಪದರ. ಒಂದು ಮಾರ್ಪಾಡಿನಲ್ಲಿ ‘ಇಲ್ಲಿ ಬಿಸಿ ಕಡಿಮೆ, 316 ಎಲ್ ಸ್ಟೀಲ್ ಸಾಕು’ ಎಂದು ಬರೆದು ಟೈಟಾನಿಯಂ ಪೈಪಿನ ಖರ್ಚು ಉಳಿಸಿದೆ. ಶಹಬ್ಬಾಸ್‌ಗಿರಿಯೂ ಸಿಕ್ಕಿತು. ಕೆಲವು ತಿಂಗಳಿಗೆ ಆ ಪೈಪಿನ ಹೊರಮೈಯಲ್ಲಿ ಒಂದು ಹನಿ ಕಾಣಿಸಿತು. ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಒಳಮೈ ಬಹುತೇಕ ಕನ್ನಡಿಯಂತೆ ನುಣುಪಾಗಿಯೇ ಇದೆ. ನಡುನಡುವೆ ಗುಂಡುಸೂಜಿ ಚುಚ್ಚಿದಷ್ಟು ಸಣ್ಣ ಕಪ್ಪು ಚುಕ್ಕೆಗಳು. ಪ್ರತಿ ಚುಕ್ಕೆಯ ಕೆಳಗೂ ಆಳವಾದ ಬಿಲ. ಪೈಪಿನ ಗೋಡೆ ಎಷ್ಟು ಸವೆದಿದೆ ಎಂದು ಸರಾಸರಿ ಅಳೆದರೆ ‘ಚೆನ್ನಾಗಿದೆ’ ಎಂದೇ ಉತ್ತರ ಬರುತ್ತಿತ್ತು. ಸರಾಸರಿಯನ್ನು ನಂಬಿ ಕೂತವರಿಗೆ ಬ್ರೋಮೈಡ್ ಹೀಗೆ ಒಂದೊಂದೇ ತೂತು ಕೊರೆದು ಬುದ್ಧಿ ಕಲಿಸುತ್ತದೆ.

6. ಹರಿಯುವ ತನಕ ಸರಕು, ನಿಂತರೆ ಕಲ್ಲು.

ರಿಯಾಕ್ಟರಿನಿಂದ ಆಮ್ಲ ಹೊರಬರುವುದು ಗಂಜಿಯ ಹದದ ಸ್ಲರಿಯಾಗಿ. ಹರಿವು ನಿಂತರೆ ಹರಳು ತಳಕ್ಕೆ ಕೂತು ಪೈಪು ಜಾಮ್ ಆಗುತ್ತದೆ. ಈ ಕಾರ್ಖಾನೆಯಲ್ಲಿ ಹೊಸ ಇಂಜಿನಿಯರು ಮೊದಲು ಕಲಿಯುವ ವಿದ್ಯೆ ರಸಾಯನವಲ್ಲ, ಜಾಮ್ ಬಿಡಿಸುವುದು.

ಹುಬ್ಬಳ್ಳಿ ಕಡೆಯ ಹಿರಿಯ ಆಪರೇಟರ್ ಒಬ್ಬರು ರೌಂಡ್ಸ್ ಹೋಗುವಾಗ ಮರದ ಸುತ್ತಿಗೆ ಹಿಡಿದುಕೊಂಡು ಪೈಪಿಗೆ ಮೆಲ್ಲಗೆ ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ನಡೆಯುತ್ತಿದ್ದರು. ನನಗೆ ಒಳಗೊಳಗೇ ನಗು. ಕಂಟ್ರೋಲ್ ರೂಮಿನಲ್ಲಿ ಅಷ್ಟು ಸ್ಕ್ರೀನ್ ಇರುವಾಗ ಇದೇನು ಎಂದು. ಒಂದು ದಿನ ಅವರು ಒಳಗೆ ಬಂದು ‘ಸಾಹೇಬ್ರ, ಆ ಲೈನ್ ಮಾತಾಡೋದು ನಿಲ್ಸಿ ಬಾಳ ಹೊತ್ತಾತು. ನೀವು ಇನ್ನೂ ಟಿವಿ ನೋಡಾಕತ್ತೀರಿ’ ಎಂದರು. ಸ್ಕ್ರೀನಿನಲ್ಲಿ ಮಟ್ಟ ಸರಿಯಾಗಿಯೇ ಇತ್ತು. ಮಟ್ಟ ತೋರಿಸುವ ಉಪಕರಣಕ್ಕೇ ಹರಳು ಮೆತ್ತಿಕೊಂಡಿತ್ತು. ಬಿಸಿ ಕಾಸ್ಟಿಕ್ ದ್ರಾವಣ ಹಾಯಿಸಿ ಬಿಡಿಸುವ ಹೊತ್ತಿಗೆ ಪಾಳಿ ಮುಗಿದಿತ್ತು. ನೀರಿಗೆ ಬಗ್ಗದ ಈ ಆಮ್ಲ ಕಾಸ್ಟಿಕ್ ಸೋಡಾಕ್ಕೆ ಲವಣವಾಗಿ ಕರಗಿ ಹರಿಯುತ್ತದೆ. ಅವರಿಂದ ಸುತ್ತಿಗೆ ಹಿಡಿಯುವುದನ್ನು ಕಲಿತೆ. ಕಿವಿ ಮಾತ್ರ ಅವರಷ್ಟು ಚುರುಕಾಗಲೇ ಇಲ್ಲ.

7. ಬಿಳಿ ಪುಡಿಯೂ ಸಿಡಿಯುತ್ತದೆ.

ಒಣಗಿದ ಪುಡಿ ಸೈಲೋಗೆ ಹೋಗುವ ಲೈನ್ ಕಟ್ಟಿಕೊಂಡಾಗ ‘ಕಂಪ್ರೆಸರ್ ಗಾಳಿ ಊದಿ ಬಿಡಿಸಿ’ ಎಂದು ಹೇಳಿಬಿಟ್ಟೆ. ಶಿಫ್ಟ್ ಇನ್‌ಚಾರ್ಜ್ ಓಡಿ ಬಂದು ತಡೆದರು. ಸಾವಯವ ಪುಡಿ ಯಾವುದೇ ಇರಲಿ, ನುಣ್ಣಗೆ ಗಾಳಿಯಲ್ಲಿ ತೇಲಿದಾಗ ಒಂದು ಕಿಡಿ ಸಾಕು. ಅದಕ್ಕೇ ಅದನ್ನು ನೈಟ್ರೋಜನ್‌ನಲ್ಲಿ ಸಾಗಿಸುತ್ತಾರೆ. ದಾವಣಗೆರೆಯಲ್ಲಿ ಮೆಕ್ಕೆಜೋಳದ ಹಿಟ್ಟು, ಹತ್ತಿಯ ಧೂಳು ನೋಡಿ ಬೆಳೆದವನಿಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

8. ನೀರಿನ ಲೆಕ್ಕ ಇಡದವನಿಗೆ ಆಮ್ಲದ ಲೆಕ್ಕ ಸಿಗದು.

ಒಂದು ಟನ್ ಆಮ್ಲ ಆಗುವಾಗ ಕ್ರಿಯೆಯಲ್ಲೇ ಸುಮಾರು 217 ಕೆಜಿ ನೀರು ಹುಟ್ಟುತ್ತದೆ. ಅದನ್ನು ತೆಗೆಯದಿದ್ದರೆ ವೇಗವರ್ಧಕ ಮಂಕಾಗುತ್ತದೆ. ಅಸಿಟಿಕ್ ಆಮ್ಲ ಕುದಿಯುವುದು 118 ಡಿಗ್ರಿಗೆ, ನೀರು 100ಕ್ಕೆ. ಇಷ್ಟು ಅಂತರವಿದ್ದರೂ ಎರಡನ್ನೂ ಬೇರ್ಪಡಿಸಲು ಬಹಳ ಎತ್ತರದ ಕಾಲಂ, ಬಹಳ ಹಬೆ ಬೇಕು. ‘ಕುದಿಯುವ ಬಿಂದು ಬೇರೆ ಇದೆಯಲ್ಲ, ಸುಲಭ’ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದವನು ನಾನು.

ಮಕ್ಕಳಿಗೆ ನೀರಿನ ಮಹಿಮೆ ತೋರಿಸಲು ಒಂದು ಸಣ್ಣ ಪ್ರಯೋಗ ಹೇಳುತ್ತೇನೆ. ಮೇಷ್ಟ್ರ ಎದುರು, ಫ್ಯೂಮ್ ಹುಡ್‌ನಲ್ಲಿ ಮಾಡಬೇಕು. ನೀರಿಲ್ಲದ ಅಸಿಟಿಕ್ ಆಮ್ಲದಲ್ಲಿ ಚೂರು ಕೋಬಾಲ್ಟ್ ಬ್ರೋಮೈಡ್ ಕರಗಿಸಿದರೆ ದ್ರಾವಣ ಕಡುನೀಲಿ. ಹನಿಹನಿಯಾಗಿ ನೀರು ಬಿಡುತ್ತ ಹೋದರೆ ನೀಲಿ ಮಾಸಿ, ಕೊನೆಗೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕೋಬಾಲ್ಟಿನ ಪಕ್ಕದಲ್ಲಿದ್ದ ಬ್ರೋಮೈಡನ್ನು ದೂಡಿ ನೀರು ಬಂದು ಕೂತಿತು ಎಂದು ಅರ್ಥ. ರಿಯಾಕ್ಟರಿನ ಒಳಗೂ ಆಗುವುದು ಇಂಥದ್ದೇ. ಅಲ್ಲಿ ಕಣ್ಣಿಗೆ ಕಾಣುವುದಿಲ್ಲ, ಉತ್ಪಾದನೆಯಲ್ಲಿ ಕಾಣುತ್ತದೆ.

9. ಗೇಟಿನಾಚೆ ಹೋಗುವ ನೀರೂ ನಿಮ್ಮದೇ.

ಎಫ್ಲುಯೆಂಟ್ (ತ್ಯಾಜ್ಯನೀರು) ವಿಭಾಗದವರು ಫೋನ್ ಮಾಡಿದರೆ ನಾನು ಮೊದಮೊದಲು ಎತ್ತುತ್ತಲೇ ಇರಲಿಲ್ಲ. ‘ನಿಮ್ಮ ಕಡೆಯಿಂದ ಇವತ್ತು ತುಂಬ ಲೋಡ್ ಬರ್ತಿದೆ, ನಮ್ಮ ಬ್ಯಾಕ್ಟೀರಿಯಾ ಸಾಯ್ತಾವೆ’ ಎಂಬುದು ಅವರ ಗೋಳು. ಜಾಮ್ ಬಿಡಿಸಿದ ಕಾಸ್ಟಿಕ್ ನೀರನ್ನು ಹೇಳದೆ ಕೇಳದೆ ಅವರತ್ತ ತಿರುಗಿಸುವುದು ನಮ್ಮ ಪದ್ಧತಿಯಾಗಿತ್ತು. ಒಮ್ಮೆ ಹಾಗೆ ಮಾಡಿ ಅವರ ಗಾಳಿಯಿಲ್ಲದ ಟ್ಯಾಂಕಿನ ಸೂಕ್ಷ್ಮಜೀವಿಗಳನ್ನೆಲ್ಲ ಮಲಗಿಸಿಬಿಟ್ಟೆ. ಅವು ಚೇತರಿಸಿಕೊಳ್ಳಲು ವಾರಗಟ್ಟಲೆ ಬೇಕು. ಅಲ್ಲಿಯತನಕ ನಮ್ಮ ಉತ್ಪಾದನೆಯನ್ನೇ ತಗ್ಗಿಸಬೇಕಾಯಿತು. ಸ್ವಲ್ಪಸ್ವಲ್ಪವಾಗಿ ಒಂದೇ ಸಮ ಕೊಟ್ಟರೆ ಅವೇ ಸೂಕ್ಷ್ಮಜೀವಿಗಳು ಟೆರೆಫ್ತಾಲಿಕ್ ಆಮ್ಲವನ್ನು ತಿಂದು ಮೀಥೇನ್ ಕೊಡುತ್ತವೆ.

ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ನಾನು ತುಂಗಭದ್ರೆಯ ನೀರು ಕುಡಿದು ಬೆಳೆದವನು. 1980ರ ದಶಕದಲ್ಲಿ ಹರಿಹರದ ಆಸುಪಾಸಿನಲ್ಲಿ ಹೊಳೆಯ ಮಾಲಿನ್ಯದ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಹೋರಾಟ ಕಟ್ಟಿದ್ದನ್ನು, ಅದರ ಮುಂದಾಳು ಎಸ್.ಆರ್. ಹಿರೇಮಠರ ಹೆಸರನ್ನು ಊರಿನ ಮಾತುಕತೆಯಲ್ಲಿ ಕೇಳಿದ್ದವನು. ದೂರದ ಊರಿನಲ್ಲಿ, ಬೇರೆ ಯಾರದೋ ಹೊಳೆಯ ದಂಡೆಯಲ್ಲಿ ನೌಕರಿ ಸಿಕ್ಕ ಕೂಡಲೇ ಆ ನೆನಪು ಮಾಯವಾಗಿತ್ತು. ಆಮೇಲೆ ಎಫ್ಲುಯೆಂಟ್ ಫೋನನ್ನು ಮೊದಲ ರಿಂಗಿಗೇ ಎತ್ತುತ್ತಿದ್ದೆ.

10. ರಸಾಯನ ಗೆದ್ದರೂ ಕಾರ್ಖಾನೆ ಸೋಲಬಹುದು.

ನಮ್ಮ ರಾಜ್ಯದಲ್ಲಿ ಈ ಆಮ್ಲದ ಕಾರ್ಖಾನೆ ಎಲ್ಲಿದೆ ಎಂದು ಮಕ್ಕಳು ಕೇಳುತ್ತಾರೆ. ಮಂಗಳೂರಿನಲ್ಲಿದೆ. ಅಲ್ಲಿನ ವಿಶೇಷ ಆರ್ಥಿಕ ವಲಯದಲ್ಲಿ ಜೆಬಿಎಫ್ ಪೆಟ್ರೋಕೆಮಿಕಲ್ಸ್ ವರ್ಷಕ್ಕೆ 12.5 ಲಕ್ಷ ಟನ್ ಸಾಮರ್ಥ್ಯದ ಪಿಟಿಎ ಘಟಕ ಕಟ್ಟಿತು. ತಂತ್ರಜ್ಞಾನ ಆಗ ಬಿಪಿ ಕಂಪನಿಯದಾಗಿತ್ತು. ಪಕ್ಕದಲ್ಲೇ ವರ್ಷಕ್ಕೆ ಸುಮಾರು 9 ಲಕ್ಷ ಟನ್ ಪ್ಯಾರಾಜೈಲೀನ್ ಮಾಡುವ, ಈಗ ಎಂಆರ್‌ಪಿಎಲ್ ಜತೆ ವಿಲೀನವಾಗಿರುವ ಘಟಕ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಆದರೂ ಕಂಪನಿ ಸಾಲದ ಸುಳಿಗೆ ಸಿಕ್ಕಿ ದಿವಾಳಿ ಪ್ರಕ್ರಿಯೆಗೆ ಹೋಯಿತು. 2023ರಲ್ಲಿ ಗೇಲ್ ಅದನ್ನು ಕೊಂಡು ಗೇಲ್ ಮಂಗಳೂರು ಪೆಟ್ರೋಕೆಮಿಕಲ್ಸ್ ಎಂದು ಹೆಸರಿಟ್ಟಿತು.

ಒಂದು ಕಿಲೋ ಆಮ್ಲಕ್ಕೆ ಸುಮಾರು 0.66 ಕೆಜಿ ಪ್ಯಾರಾಜೈಲೀನ್ ಬೇಕು. ಲೆಕ್ಕದ ಪ್ರಕಾರ 0.64ಕ್ಕಿಂತ ಕೆಳಗೆ ಇಳಿಯಲು ಸಾಧ್ಯವೇ ಇಲ್ಲ. ಅಂದರೆ ಖರ್ಚಿನ ದೊಡ್ಡ ಪಾಲು ಕಚ್ಚಾವಸ್ತುವಿನದು. ಅದರ ಬೆಲೆ ಮತ್ತು ಪಿಟಿಎ ಬೆಲೆಯ ನಡುವಿನ ಸಣ್ಣ ಸಂದಿಯಲ್ಲಿ ಸಂಬಳ, ಹಬೆ, ಬಡ್ಡಿ ಎಲ್ಲ ತೂರಬೇಕು. ಆ ಸಂದಿ ಕಿರಿದಾದ ವರ್ಷಗಳಲ್ಲಿ ನನ್ನಂಥವರು ಶೇ 0.1 ಇಳುವರಿ ಹೆಚ್ಚಿಸಿದೆವೆಂದು ಸಿಹಿ ಹಂಚುತ್ತಿದ್ದೆವು. ಅಕೌಂಟ್ಸಿನವರು ಪೇಡ ತಿಂದು ಸುಮ್ಮನಾಗುತ್ತಿದ್ದರು. ಬ್ಯಾಲೆನ್ಸ್ ಶೀಟ್ ಓದುವುದನ್ನು ನಾನು ತೀರ ತಡವಾಗಿ ಕಲಿತೆ. ನೀವು ಬೇಗ ಕಲಿಯಿರಿ.

11. ನಿಮ್ಮ ಸರಕು ಯಾರ ಸರಕಿನ ಜಾಗಕ್ಕೆ ಬಂತು ಎಂದು ತಿಳಿದಿರಲಿ.

ನಮ್ಮಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೆಲಸಗಾರರು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ಇದು. ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಊರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹಳೆಯ ಯಂತ್ರ, ವಿದ್ಯುತ್ ಮಗ್ಗಗಳ ಪೈಪೋಟಿ, ಆಡಳಿತ, ಕಾರ್ಮಿಕರ ತಕರಾರು ಹೀಗೆ ಕಾರಣಗಳನ್ನು ಊರಿನವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಗೆದರೆ ಸುಕ್ಕಾಗದ ಅಗ್ಗದ ಪಾಲಿಯೆಸ್ಟರ್ ಬಟ್ಟೆಯೂ ಆ ಪಟ್ಟಿಯಲ್ಲಿದೆ. ಆ ಪಾಲಿಯೆಸ್ಟರಿನ ಕಚ್ಚಾವಸ್ತು ಮಾಡುವ ಕಡೆ ನನಗೆ ನೌಕರಿ ಸಿಕ್ಕಿತು.

ಆಗ ಇದನ್ನು ಜೋಡಿಸಿ ಯೋಚಿಸಿದವನಲ್ಲ. ಮೊದಲ ಸಂಬಳದಲ್ಲಿ ಅಪ್ಪನಿಗೆ ಟೆರಿಕಾಟ್ ಶರ್ಟಿನ ಬಟ್ಟೆ ತಂದು ‘ಅಪ್ಪಾಜಿ, ಇದರಲ್ಲಿ ಮುಕ್ಕಾಲು ನಮ್ಮ ಫ್ಯಾಕ್ಟರಿದು’ ಎಂದು ಕೊಚ್ಚಿಕೊಂಡೆ. ಅವರು ನೂಲನ್ನು ಬೆರಳಲ್ಲಿ ಉಜ್ಜಿ ನೋಡಿ, ‘ನೂಲೇನೋ ಗಟ್ಟಿ ಐತಿ. ಬೆವರು ಹೀರತೈತೇನು?’ ಎಂದಷ್ಟೇ ಕೇಳಿದರು. ಹೀರುವುದಿಲ್ಲ. ನೀರನ್ನು ಹಿಡಿದುಕೊಳ್ಳುವ ಗುಂಪುಗಳು ಹತ್ತಿಯ ಅಣುವಿನಲ್ಲಿ ಸಾಲುಸಾಲಾಗಿ ಇರುತ್ತವೆ. ಪಾಲಿಯೆಸ್ಟರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಉತ್ತರ ಗೊತ್ತಿದ್ದೂ ಮಾತು ಬದಲಿಸಿದೆ. 1941ರಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನಜ್ಞರು ಈ ಪಾಲಿಯೆಸ್ಟರ್ ನೂಲು ಕಂಡುಹಿಡಿದದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಹತ್ತಿ ಬಟ್ಟೆ ಮುದ್ರಿಸುವ ಕ್ಯಾಲಿಕೊ ಪ್ರಿಂಟರ್ಸ್ ಕಂಪನಿಯಲ್ಲಿದ್ದಾಗ ಎಂದು ಬಹಳ ವರ್ಷಗಳ ಮೇಲೆ ಓದಿದೆ. ಹತ್ತಿಗೆ ಎದುರಾಳಿ ಹುಟ್ಟಿದ್ದು ಹತ್ತಿಯವರ ಮನೆಯಲ್ಲೇ. ಅಪ್ಪನಿಗೆ ಹೇಳಿದ್ದರೆ ನಗುತ್ತಿದ್ದರೇನೋ.

12. ಅರ್ಥವಾಗದ ಅಂಕಿಯನ್ನೇ ಮೊದಲು ಬರೆದಿಡಿ.

ಹೊಸದಾಗಿ ನೌಕರಿಗೆ ಸೇರುವ ಮಕ್ಕಳಿಗೆ ನಾನು ಕೊಡುವ ಒಂದೇ ಉಪದೇಶ ಲಾಗ್‌ಬುಕ್ಕಿನದು. ನನ್ನ ಆರಂಭದ ಪುಟಗಳಲ್ಲಿ ‘ಎಲ್ಲ ಸರಿಯಿದೆ’ ಎಂಬ ಸಾಲೇ ತುಂಬಿತ್ತು. ಅನಲೈಸರ್ ಕಟ್ಟಿಕೊಂಡ ರಾತ್ರಿಯೂ ಹಾಗೇ ಬರೆದಿದ್ದೆ, ಹಿತ್ತಾಳೆ ವಾಲ್ವ್ ಹಾಕಿಸಿದ ದಿನವೂ ಹಾಗೇ ಬರೆದಿದ್ದೆ. ಮುಂದಿನ ಪಾಳಿಯವರಿಗೆ ಆ ಸಾಲಿನಿಂದ ಮೂರು ಕಾಸಿನ ಪ್ರಯೋಜನವಿಲ್ಲ. ‘ಹೊರಬರುವ ಗಾಳಿಯಲ್ಲಿ ಡೈಆಕ್ಸೈಡು ತುಸು ಏರಿದೆ, ಕಾರಣ ತಿಳಿಯಲಿಲ್ಲ’, ‘ಈ ವಾಲ್ವ್ ತಾತ್ಕಾಲಿಕ, ಲೋಹ ಹಿತ್ತಾಳೆ’ ಎಂದು ಬರೆದಿದ್ದರೆ ಯಾರಾದರೂ ಬುದ್ಧಿವಂತರು ಬೆಳಗ್ಗೆಯೇ ಹಿಡಿಯುತ್ತಿದ್ದರು. ಗೊತ್ತಿಲ್ಲ ಎಂದು ಬರೆದರೆ ಮರ್ಯಾದೆ ಹೋಗುತ್ತದೆಂದು ನಾನು ಅಂಜುತ್ತಿದ್ದೆ. ಹೋದದ್ದು ಟ್ಯಾಂಕರುಗಟ್ಟಲೆ ಅಸಿಟಿಕ್ ಆಮ್ಲ. ಎಲ್ಲ ಸರಿಯಿದ್ದ ಪಾಳಿಯನ್ನು ನಾನಂತೂ ನೋಡಲಿಲ್ಲ. ನಿಮಗೆ ಸಿಕ್ಕರೆ ಮೊದಲು ಮೀಟರು ಕೆಟ್ಟಿದೆಯೇ ನೋಡಿ, ಆಮೇಲೆ ಸಹಿ ಹಾಕಿ.